ಲಿಫ್ಟಣ್ಣನ ತೊಟ್ಟಿಲ ಕೋಣೆ

ಲಿಫ್ಟಣ್ಣನನ್ನು ನಾನು ಮೊದಲ ಸಲ ನೋಡಿದ್ದು ಕೆಳಗಿನಿಂದ. ಮೊದಲು ಕಂಡಿದ್ದು ಅವರ ಬೂಟು. ಒಂದರ ಲೇಸು ಕಪ್ಪು, ಇನ್ನೊಂದರದು ಕಂದು.

ಅಂದು ನಾನು ಕೆಲಸಕ್ಕೆ ಸೇರುವ ದಿನ. ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅಂಗಡಿಯ ಮಡಿಕೆ ಇನ್ನೂ ಬಿಡದ ಹೊಸ ಅಂಗಿ, ಕಂಕುಳಲ್ಲಿ ಪ್ರಮಾಣಪತ್ರಗಳ ಫೈಲು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲಿಗ. ಲಿಫ್ಟು ಹತ್ತಿದವನೂ ನಾನೇ ಮೊದಲಿಗನಿರಬೇಕು. ಕಟ್ಟಡಕ್ಕೆ ಆರು ಅಂತಸ್ತು, ನಾನು ಹೋಗಬೇಕಿದ್ದ ಕಡತ ವಿಭಾಗ ಐದನೆಯದರಲ್ಲಿ. ಐದನ್ನು ಒತ್ತಿದೆ. ಲಿಫ್ಟು ಹೊರಟ ಕೂಡಲೇ ಗಾಬರಿಯಲ್ಲಿ ಸಿಕ್ಕ ಸಿಕ್ಕ ಬಟನ್ನುಗಳನ್ನೆಲ್ಲ ಒತ್ತಿಬಿಟ್ಟೆ. ಮೂರು ಮತ್ತು ನಾಲ್ಕರ ನಡುವೆ ಅದು ಗಕ್ಕನೆ ನಿಂತಿತು. ದೀಪ ಉರಿಯುತ್ತಿತ್ತು, ಫ್ಯಾನು ನಿಂತಿತ್ತು. ಬಾಗಿಲು ಬಡಿದೆ. ಸ್ವಲ್ಪ ಹೊತ್ತಿಗೆ ಮೇಲಿಂದ ದನಿ ಬಂತು.

"ಯಾರಪ್ಪಾ ಒಳಗೆ?"

"ನಾನು."

"ನಾನು ಅಂದ್ರೆ ಎಷ್ಟು ಜನ?"

"ಒಬ್ನೇ ಸಾರ್."

"ಒಬ್ನೇ ಅಂದ್ಮೇಲೆ ಗಾಳಿ ಬೇಕಾದಷ್ಟಿದೆ. ಬಾಗಿಲು ಮುಟ್ಬೇಡ. ಕೂತ್ಕೊ."

"ಎಲ್ಲಿ ಕೂರ್ಲಿ ಸಾರ್?"

"ನೆಲದ ಮೇಲೆ. ಲಿಫ್ಟಲ್ಲಿ ಕುರ್ಚಿ ಹಾಕಿರ್ತಾರಾ?"

ಹೊಸ ಪ್ಯಾಂಟು ಕೊಳೆಯಾಗುತ್ತದೆಂದು ಪ್ರಮಾಣಪತ್ರಗಳ ಫೈಲನ್ನೇ ಹಾಸಿಕೊಂಡು ಕೂತೆ. ಮೇಲಿನ ಬಾಗಿಲು ಒಂದು ಮೊಳದಷ್ಟು ಸರಿಯಿತು. ಆಗಲೇ ಆ ಎರಡು ಬಣ್ಣದ ಲೇಸು ಕಂಡಿದ್ದು. ಬೂದು ಸಮವಸ್ತ್ರದ ಮನುಷ್ಯ ಮಂಡಿಯೂರಿ ಬಗ್ಗಿದರು. ಸೊಂಟದ ಬೆಲ್ಟಿಗೆ ದಾರ ಕಟ್ಟಿ ಒಂದು ಕೀಲಿ ನೇತುಹಾಕಿದ್ದರು, ಅದು ನನ್ನ ತಲೆಯ ಮೇಲೆ ತೂಗಾಡುತ್ತಿತ್ತು. ಅವರು ಕೂಡಲೇ ಕೈ ಕೊಡಲಿಲ್ಲ. ಹಿಂದೆ ತಿರುಗಿ, "ಮೇನ್ ಆಫ್ ಇದೆಯಾ?" ಎಂದು ಕೂಗಿದರು. ಇದೆ ಎಂದು ಕಾವಲುಗಾರ ಹೇಳಿದ. ಮತ್ತೆ ಕೇಳಿದರು. ಮೂರನೆಯ ಸಲಕ್ಕೆ ಕಾವಲುಗಾರ ರೇಗಿದ. "ಇದೆ ಅಂದ್ನಲ್ಲಪ್ಪಾ! ಇನ್ನೊಂದ್ಸಲ ಕೇಳಿದ್ರೆ ನಾನೇ ಆನ್ ಮಾಡ್ತೀನಿ ನೋಡು."

ಆಮೇಲೆ ಕೈ ಬಂತು. ಗ್ರೀಸು ಮೆತ್ತಿದ ಕೈ, ಹೆಬ್ಬೆರಳಿಗೆ ಅರ್ಧ ಉಗುರಿಲ್ಲ. ಒಂದೇ ಎಳೆತಕ್ಕೆ ನಾನು ನಾಲ್ಕನೆಯ ಅಂತಸ್ತಿನ ನೆಲದ ಮೇಲಿದ್ದೆ. ಅಂಗಿಯ ತೋಳಿನ ಮೇಲೆ ಐದು ಬೆರಳಿನ ಅಚ್ಚು ಬಿದ್ದಿತ್ತು.

"ನಾನು ಎಲ್ಲಾ ಬಟನ್ ಒತ್ತಿಬಿಟ್ಟೆ ಸಾರ್, ಅದಕ್ಕೇ ನಿಂತಿದ್ದು."

"ಅದಕ್ಕಲ್ಲ. ಬಾಗಿಲಿನ ಕಾಂಟ್ಯಾಕ್ಟ್ ಸವೆದಿದೆ. ನಿನ್ನ ತಪ್ಪಿಲ್ಲ, ನನ್ನದು. ಇಲ್ಲಿ ಸಹಿ ಹಾಕು." ದಪ್ಪ ರಿಜಿಸ್ಟರನ್ನು ಮುಂದೆ ಹಿಡಿದರು. "ಯಾವ ಅಂತಸ್ತು, ಎಷ್ಟು ಹೊತ್ತು, ಏಟು ಬಿತ್ತಾ ಇಲ್ವಾ, ಎಲ್ಲಾ ಬರಿ."

"ನೀವೇ ಬರ್ಕೊಳಿ ಸಾರ್. ನಂಗೆ ಲೇಟಾಗುತ್ತೆ."

"ಕೆಲಸ ಮಾಡಿದೋನು ತನ್ನ ಕೆಲಸಕ್ಕೆ ತಾನೇ ಸಹಿ ಹಾಕ್ಬಾರದು. ಬರಿ."

ಹನ್ನೊಂದು ನಿಮಿಷ, ಏಟು ಬಿದ್ದಿಲ್ಲ ಎಂದು ಬರೆದು ಸಹಿ ಹಾಕಿದೆ. ನನ್ನ ನೌಕರಿಯ ಮೊದಲ ಸಹಿ ಬಿದ್ದಿದ್ದು ಹಾಜರಿ ಪುಸ್ತಕದಲ್ಲಲ್ಲ, ಲಿಫ್ಟಣ್ಣನ ರಿಜಿಸ್ಟರಿನಲ್ಲಿ.

ಕಟ್ಟಡದಲ್ಲಿ ಎಲ್ಲರೂ ಅವರನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಅವರು ನನಗಿಟ್ಟ ಹೆಸರು ಡಿಗ್ರಿ. ನನಗೆ ಬಾಡಿಗೆಗೆ ಕೋಣೆ ಸಿಗುತ್ತಿಲ್ಲ ಎಂದು ತಿಳಿದಾಗ ತಮ್ಮ ಮನೆಯ ಮಾಳಿಗೆ ಮೇಲಿನ ಕೋಣೆ ಕೊಟ್ಟರು. ಒಂದು ಮಂಚ, ಒಂದು ಕಿಟಕಿ, ಒಂದು ಹಳೆಯ ಬೆತ್ತದ ಕುರ್ಚಿ. ಕುರ್ಚಿಯ ಒಂದು ಕೈ ಮುರಿದಿತ್ತು, ಅದಕ್ಕೆ ಬಟ್ಟೆ ಸುತ್ತಿದ್ದರು. ಇಲಾಖೆಯ ಪರೀಕ್ಷೆಗೆ ನಾನು ಓದುತ್ತಿದ್ದುದು ಅದರ ಮೇಲೆ ಕೂತು.

ಲಿಫ್ಟಣ್ಣ ಮಾತ್ರ ಕೂತಿದ್ದನ್ನು ನಾನು ನೋಡಿರಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಒಳಗೂ ಹೊರಗೂ ಓಡಾಡುತ್ತಿದ್ದರು. ಊಟದ ತಟ್ಟೆ ಎಡಗೈಯಲ್ಲಿ, ಬಲಗೈ ಬಾಯಿಗೆ, ಕಣ್ಣು ಬಾಗಿಲಿನ ಕೀಲಿನ ಮೇಲೆ. ಉಂಡು ಮುಗಿಸುವಷ್ಟರಲ್ಲಿ ಕೀಲಿಗೆ ಎಣ್ಣೆ ಬಿದ್ದಿರುತ್ತಿತ್ತು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಅತ್ತಿಗೆ ಬಟ್ಟೆ ಒಗೆದು ಕೊಡುವ ಅಂಗಡಿಯೊಂದರಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಇಸ್ತ್ರಿ ಮಾಡುವವರು. ಮನೆಗೆ ಬಂದರೆ ಮೊದಲು ಮೆಟ್ಟಿಲ ಮೇಲೆ ಕೂತು ಪಾದ ಒತ್ತಿಕೊಳ್ಳುತ್ತಿದ್ದರು. "ನಾನು ನಿಂತು ನಿಂತು ಸಾಯ್ತೀನಿ, ಇವರು ಕೂರೋಕೆ ಹೇಳಿದ್ರೆ ಸಾಯ್ತಾರೆ," ಎನ್ನುತ್ತಿದ್ದರು.

ಅವರಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಮಕ್ಕಳ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾನು ಹೋದ ಎರಡನೆಯ ವರ್ಷ ಅತ್ತಿಗೆ ಬಸುರಿಯಾದರು. ಐದು ತಿಂಗಳು ತುಂಬುವವರೆಗೆ ಲಿಫ್ಟಣ್ಣ ಯಾರಿಗೂ ಹೇಳಲಿಲ್ಲ. ಆಮೇಲೊಂದು ಭಾನುವಾರ ಬೆಳಗ್ಗೆ ಹಿಂದಿನ ಸಾಮಾನು ಕೋಣೆಯ ಬಾಗಿಲು ತೆಗೆದು, ಒಳಗಿದ್ದ ತಂತಿಯ ಸುರುಳಿ, ತುಕ್ಕು ಹಿಡಿದ ಡಬ್ಬಿಗಳನ್ನು ಅಂಗಳಕ್ಕೆ ಎಸೆಯತೊಡಗಿದರು.

"ಏನ್ ಮಾಡ್ತಿದೀರಾ ಅಣ್ಣಾ?"

"ಮಗೂಗೆ ಕೋಣೆ. ಬಾ, ಟೇಪು ಹಿಡಿ."

ನಾವು ಐದು ಮಕ್ಕಳು ಅಪ್ಪ ಅಮ್ಮನ ಜೊತೆ ಒಂದೇ ಕೋಣೆಯಲ್ಲಿ ಬೆಳೆದವರು. ಇನ್ನೂ ಹುಟ್ಟದ ಮಗುವಿಗೆ ಒಂದು ಕೋಣೆ ಎಂದಾಗ ನನಗೆ ಅದು ದೊಡ್ಡವರ ಮನೆಯ ಮಾತೆನಿಸಿತು. ಆದರೂ ಟೇಪು ಹಿಡಿದೆ. ಎಂಟಡಿ ಉದ್ದ, ಏಳಡಿ ಅಗಲ. ಒಂದು ಕಿಟಕಿ, ಬೆಳಗಿನ ಬಿಸಿಲು ಬರುವ ಕಡೆಗೆ.

ಮೊದಲು ಬಣ್ಣ. ಅತ್ತಿಗೆ ತಿಳಿಹಳದಿ ಎಂದರು. ಲಿಫ್ಟಣ್ಣ ಹಳದಿ ಬಳಿದರು. ಒಣಗಿದ ಮೇಲೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ ಎಂದು ಕೆರೆದು ತೆಗೆದು ತಿಳಿಹಸಿರು ಬಳಿದರು. ಒಂದು ವಾರ ಅದನ್ನು ದಿಟ್ಟಿಸಿ, ಹಸಿರಿನ ಮೇಲೆ ಕೊಳೆ ಬೇಗ ಕಾಣುವುದಿಲ್ಲ, ಕಾಣದ ಕೊಳೆ ಮಗುವಿಗೆ ಒಳ್ಳೆಯದಲ್ಲ ಎಂದು ಮತ್ತೆ ಹಳದಿಗೆ ಬಂದರು. ಅತ್ತಿಗೆ ಬಾತುಕೋಳಿಗಳ ಚಿತ್ರದ ಬಟ್ಟೆ ತಂದು ಪರದೆ ಹೊಲಿದರು. ಲಿಫ್ಟಣ್ಣ ತೂಕದ ಗುಂಡು ಕಟ್ಟಿದ ದಾರ ಇಳಿಬಿಟ್ಟು ನೋಡಿ, ಎಡಗಡೆ ಅರ್ಧ ಬೆರಳು ಇಳಿದಿದೆ ಎಂದರು. ಪರದೆಯನ್ನು ನಾಲ್ಕು ಸಲ ಬಿಚ್ಚಿ ಕಟ್ಟಲಾಯಿತು.

"ಬಾತುಕೋಳಿ ವಾಲಿದ್ರೆ ಮಗು ಅಳುತ್ತಾ?" ಎಂದು ಅತ್ತಿಗೆ ಕೇಳಿದರು.

"ವಾಲಿದ್ದು ವಾಲಿದ್ದೇ."

ತೊಟ್ಟಿಲನ್ನು ನಾಲ್ಕು ಸರಪಳಿಯಲ್ಲಿ ಸೂರಿನ ಕೊಕ್ಕೆಗಳಿಂದ ತೂಗುಹಾಕಿದರು. ಒಂದು ಹರಿದರೂ ಮೂರು ಹಿಡಿಯಬೇಕು, ಎರಡು ಹರಿದರೂ ಎರಡು ಹಿಡಿಯಬೇಕು ಎಂಬ ಲೆಕ್ಕ. ತೊಟ್ಟಿಲ ಕೆಳಗೆ ನೆಲದಲ್ಲಿ ನಾಲ್ಕು ದಪ್ಪ ಸ್ಪ್ರಿಂಗು, ಅವುಗಳ ಮೇಲೆ ರಬ್ಬರಿನ ಹಾಸು, ತೊಟ್ಟಿಲು ಬಿದ್ದರೂ ಪೆಟ್ಟಾಗದಂತೆ. ಗೋಡೆಯುದ್ದಕ್ಕೂ ಕಬ್ಬಿಣದ ಹಿಡಿಕೆ. ಮಗು ಎದ್ದು ನಿಲ್ಲುವ ಕಾಲಕ್ಕೆ ಬೇಕಾಗುತ್ತದಂತೆ. ಹೊಸ್ತಿಲಿಗೆ ಕಪ್ಪು ಹಳದಿ ಪಟ್ಟೆ, ಯಾರೂ ಎಡವದಿರಲೆಂದು. ಆರು ತಗಡಿನ ಹಕ್ಕಿ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ, ಕಿಟಕಿಯ ಮೇಲೆ ಕಟ್ಟಿದರು. ಪ್ರತಿ ಹಕ್ಕಿಗೂ ಎರಡೆರಡು ದಾರ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಒಂದು ಗಂಟೆ, ಸಂಜೆ ಬಂದ ಮೇಲೆ ಎರಡು ಗಂಟೆ, ಸುತ್ತಿಗೆಯ ಸದ್ದು ನನ್ನ ಕಾಲ ಕೆಳಗಿನ ನೆಲವನ್ನು ಕುಟ್ಟುತ್ತಲೇ ಇರುತ್ತಿತ್ತು. ನನಗೆ ಓದು ಹತ್ತುತ್ತಿರಲಿಲ್ಲ. ಪುಸ್ತಕ ಮುಚ್ಚಿ ಕೆಳಗಿಳಿದು ಏಣಿ ಹಿಡಿಯುತ್ತಿದ್ದೆ.

ಒಂದು ಸಂಜೆ ಏಣಿ ಹಿಡಿದುಕೊಂಡೇ ಕೇಳಿಬಿಟ್ಟೆ. "ಅಣ್ಣಾ, ಇಷ್ಟೆಲ್ಲಾ ಯಾಕೆ? ಮೊದಲೇ ಗಟ್ಟಿ ಇದೆಯಲ್ಲ."

ಅವರು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಹನ್ನೊಂದು ವರ್ಷದ ಹಿಂದೆ ಬೇರೆ ಕಟ್ಟಡದಲ್ಲಿದ್ದೆ. ಒಂದು ಲಿಫ್ಟಿಗೆ ಬ್ರೇಕು ಬದಲಾಯಿಸಿದೆ. ಪರೀಕ್ಷೆ ಮಾಡೋ ಇನ್ಸ್‌ಪೆಕ್ಟರ್ ರಜೆ ಮೇಲಿದ್ರು. ಬೇಗ ಬೇಗ ಅಂತ ಎಲ್ಲರೂ ತಲೆ ತಿಂದ್ರು. ನಾನು ಮಾಡಿದ್ದನ್ನ ನಾನೇ ನೋಡಿದೆ. ಸರಿಯಾಗೇ ಕಾಣ್ತು. ನಾನೇ ಸಹಿ ಹಾಕಿದೆ. ಸಂಜೆ ಲಿಫ್ಟು ನಿಲ್ಲೋ ಜಾಗ ದಾಟಿ ಒಂದೂವರೆ ಅಡಿ ಕೆಳಗೆ ಹೋಯ್ತು. ಒಬ್ರು ಅಜ್ಜಿ ಆಗತಾನೇ ಹೊರಗೆ ಕಾಲಿಡ್ತಿದ್ರು. ಸೊಂಟ ಮುರೀತು."

"ಅಜ್ಜಿ..."

"ಬದುಕಿದ್ರು. ನಡೀಲಿಲ್ಲ."

ಸ್ಕ್ರೂ ತಲೆ ಸವೆದು ಚೂರು ಉದುರುವವರೆಗೆ ತಿರುಗಿಸುತ್ತಲೇ ಇದ್ದರು. ಆಮೇಲೆ ಅದನ್ನು ಕಿತ್ತು ಬೇರೆ ಹಾಕಿದರು. "ನಾನು ಮಾಡಿದ್ದು ನಂಗೆ ಯಾವಾಗ್ಲೂ ಸರಿಯಾಗೇ ಕಾಣುತ್ತೆ ಡಿಗ್ರಿ. ಅದೇ ತೊಂದರೆ. ಅದಕ್ಕೇ ಬಿಚ್ಚಿ ಬಿಚ್ಚಿ ನೋಡ್ತೀನಿ."

ಎಂಟನೆಯ ತಿಂಗಳಿಗೆ ಅತ್ತಿಗೆಯ ಪಾದ ಬಾತುಕೊಂಡಿತು. ಅಂಗಡಿಗೆ ಹೋಗುವುದು ನಿಂತಿತು. ಅವರನ್ನು ನೋಡಿಕೊಳ್ಳಲು ಅವರ ಅಕ್ಕ ಬಂದರು. ರೈಲಿನಲ್ಲಿ ಏಳು ಗಂಟೆಯ ದೂರದ ಊರಿನವರು. ಮೂರು ಮಕ್ಕಳನ್ನು ಹೆತ್ತು ಸಾಕಿದ ಹೆಂಗಸು, ಬಾಯಿ ಸ್ವಲ್ಪ ಜೋರು. ಕೋಣೆಯ ಬಾಗಿಲಲ್ಲಿ ನಿಂತು ಹಿಡಿಕೆ, ಸ್ಪ್ರಿಂಗು, ಸರಪಳಿ, ಪಟ್ಟೆ ಎಲ್ಲವನ್ನೂ ನೋಡಿದರು.

"ಏನಪ್ಪಾ, ಇದು ಮಗೂ ಕೋಣೆನೋ, ಲಿಫ್ಟು ರಿಪೇರಿ ಮಾಡೋ ಜಾಗನೋ?"

"ಗಟ್ಟಿಯಾಗಿರ್ಲಿ ಅಂತ."

"ಗಟ್ಟಿಯಾಗಿರ್ಲಿ, ಯಾರು ಬೇಡ ಅಂದ್ರು. ಮಗು ಹುಟ್ಟೋಕೆ ಮುಂಚೆ ಮುಗಿಯುತ್ತಾ, ಅದರ ಮದುವೆಗೆ ಮುಗಿಯುತ್ತಾ ಹೇಳು."

ಈ ಮಾತು ಲಿಫ್ಟಣ್ಣನಿಗೆ ನಾಟಿತು. ಮರುದಿನವೇ ಕೊನೆಯ ಪರೀಕ್ಷೆ ಇಟ್ಟುಕೊಂಡರು. ಲಿಫ್ಟಿಗಾದರೆ ಹೊರುವ ಭಾರದ ಒಂದೂಕಾಲು ಪಟ್ಟು ಹೇರಿ ನೋಡುತ್ತಾರಂತೆ. ತೊಟ್ಟಿಲಿಗೆ ಅವರು ಇಪ್ಪತ್ತು ಪಟ್ಟು ಎಂದು ತೀರ್ಮಾನಿಸಿದ್ದರು. ಎಂಟು ಮರಳಿನ ಚೀಲ ತಂದರು. ನಾನೊಂದು ಅವರೊಂದು ಎತ್ತಿ ಎತ್ತಿ ತೊಟ್ಟಿಲಲ್ಲಿಟ್ಟೆವು. ಐದು, ಆರು, ಏಳು. ಸರಪಳಿ ಬಿಗಿಯಾಗಿ ಕಿರ್ ಎಂದಿತು. ಎಂಟನೆಯದನ್ನಿಟ್ಟು ತೊಟ್ಟಿಲನ್ನು ಮೆಲ್ಲಗೆ ತೂಗಿದರು. ಒಂದು ತೂಗು, ಎರಡು ತೂಗು. ಮೂರನೆಯದಕ್ಕೆ ಕೊಕ್ಕೆಗಳ ಸುತ್ತಲಿನ ಸೂರಿನ ಗಾರೆ ಒಂದು ಹಾಳೆಯಂತೆ ಬಿಟ್ಟುಕೊಂಡು ಧಡಾರನೆ ತೊಟ್ಟಿಲಿಗೇ ಬಿತ್ತು.

ಧೂಳು ಕರಗಿದಾಗ ಲಿಫ್ಟಣ್ಣ ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿದ್ದರು. ಮೇಲೆ ನೋಡಿ, ಮಗುವಿನಂತೆ ನಕ್ಕರು. "ಕೊಕ್ಕೆ ಅಲ್ಲಾಡ್ಲಿಲ್ಲ ನೋಡಿದ್ಯಾ!"

ನಾನು ಬಾಗಿಲ ಕಡೆ ನೋಡುತ್ತಿದ್ದೆ, ಅವರೂ ಹಿಂದೆ ತಿರುಗಿದರು. ಬಾಗಿಲಲ್ಲಿ ಅತ್ತಿಗೆ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ಕಣ್ಣಿದ್ದುದು ಕೊಕ್ಕೆಯ ಮೇಲಲ್ಲ, ತೊಟ್ಟಿಲಲ್ಲಿ ಬಿದ್ದ ಗಾರೆಯ ಮೇಲೆ. ಅವರ ಹಿಂದೆ ಅಕ್ಕ.

"ಸಾಕು," ಎಂದರು ಅಕ್ಕ. "ಭಾನುವಾರದ ರೈಲಿಗೆ ಇವಳನ್ನ ಕರ್ಕೊಂಡು ಹೋಗ್ತೀನಿ. ಹೆರಿಗೆ ಅಲ್ಲೇ ಆಗ್ಲಿ. ಮಗೂಗೆ ಆರು ತಿಂಗಳು ತುಂಬಿದ ಮೇಲೆ ಬೇಕಾದ್ರೆ ಬರ್ಲಿ."

ಲಿಫ್ಟಣ್ಣ ಹೆಂಡತಿಯ ಮುಖ ನೋಡಿದರು. ಅತ್ತಿಗೆ ಮೆಲ್ಲಗೆ, "ನಂಗೂ ಹೋಗೋಕೆ ಇಷ್ಟ ಇಲ್ಲ. ಆದ್ರೆ ದಿನಾ ಏನಾದ್ರೊಂದು ಬಿಚ್ಚಿರೋ ಕೋಣೆಗೆ ಮಗೂನ ಹೇಗೆ ತರ್ಲಿ? ಶನಿವಾರದೊಳಗೆ ಮುಗಿಸಿ. ಮುಗೀತು ಅಂತ ನೀವೇ ಬಾಯ್ಬಿಟ್ಟು ಹೇಳ್ಬೇಕು," ಎಂದರು.

ಅಂದು ಸೋಮವಾರ. ಲಿಫ್ಟಣ್ಣ ಊರು ಬಿಟ್ಟು ಹೋಗುವಂತಿರಲಿಲ್ಲ. ಯಾವ ಹೊತ್ತಿಗೆ ಯಾರು ಲಿಫ್ಟಿನಲ್ಲಿ ಸಿಕ್ಕಿಬಿದ್ದರೂ ಓಡಬೇಕಾದ ಕೆಲಸ. ಅತ್ತಿಗೆ ಹೋದರೆ ಮಗು ಹುಟ್ಟುವುದನ್ನು ಅವರು ಫೋನಿನಲ್ಲಿ ಕೇಳಬೇಕಿತ್ತು, ಆರು ತಿಂಗಳು ಅದರ ಅಳುವನ್ನೂ ಫೋನಿನಲ್ಲೇ. ಆ ಐದು ದಿನ ಅವರು ಗಾರೆ ಮೆತ್ತಿದ್ದು, ಉಜ್ಜಿದ್ದು, ಬಣ್ಣ ಬಳಿದಿದ್ದು ನೋಡಿದರೆ ಮೈಗೆ ಬೆಂಕಿ ಹತ್ತಿದವರಂತಿತ್ತು. ಕಚೇರಿಯಲ್ಲಿ ಊಟದ ಬಿಡುವಿಗೆ ಮನೆಗೆ ಓಡಿ, ಗಾರೆ ಒಣಗಿತೇ ಎಂದು ಬೆರಳಿಂದ ಒತ್ತಿ ನೋಡಿ, ಮತ್ತೆ ಓಡಿ ಬರುತ್ತಿದ್ದರು. ಒತ್ತಿದ ಬೆರಳಿನ ಗುರುತು ಮುಚ್ಚಲು ಸಂಜೆ ಮತ್ತೆ ಗಾರೆ. ನಾನೂ ಕಡತ ವಿಭಾಗದಲ್ಲಿ ಒಂದು ಕಡತವನ್ನು ಮೂರು ಸಲ ತಪ್ಪು ಕಪಾಟಿಗೆ ಹಾಕಿದೆ.

ಶನಿವಾರ ಮಧ್ಯಾಹ್ನ ನನ್ನನ್ನು ಕೆಳಗೆ ಕರೆದರು. ಕೋಣೆ ಗುಡಿಸಿ ಒರೆಸಿದ್ದರು. ಕೈಯಲ್ಲಿ ಎರಡು ಹಾಳೆ. ಮೂವತ್ತೆರಡು ಅಂಶಗಳ ಪಟ್ಟಿ, ಕೊನೆಯಲ್ಲಿ ಸಹಿಗೆ ಒಂದು ಗೆರೆ.

"ನಾನು ಹಾಕೋಹಾಗಿಲ್ಲ. ನೀನು ನೋಡಿ ಹಾಕು. ಮುಲಾಜು ಬೇಡ."

ನಾನು ಮೊದಲಿನಿಂದ ಶುರುಮಾಡಿದೆ. ಕೊಕ್ಕೆ ಹಿಡಿದು ಜೋತಾಡಿದೆ. ಸರಪಳಿಯ ಕೊಂಡಿ ಒಂದೊಂದನ್ನೂ ಬೆರಳಿಂದ ತಡವಿದೆ. ಕಿಟಕಿಯ ಚಿಲಕ, ಹಕ್ಕಿಗಳ ದಾರ, ಪರದೆಯ ಅಂಚು, ಗೋಡೆಯ ಮೂಲೆಗೆ ಸುತ್ತಿದ ಮೆತ್ತೆ. ಮೂವತ್ತೆರಡಕ್ಕೂ ಗುರುತು ಹಾಕಿದೆ. ಲಿಫ್ಟಣ್ಣ ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡಾಡುತ್ತಿದ್ದರು. ಸಹಿಯ ಗೆರೆಯ ಮೇಲೆ ಪೆನ್ನಿಟ್ಟೆ.

"ಪೆನ್ನು ಇತ್ತ ಕೊಡಿ."

ಅತ್ತಿಗೆ ಬಂದಿದ್ದರು. "ರಾತ್ರಿ ಹಗಲು ಆ ಕೋಣೇಲಿ ಇರೋಳು ನಾನು. ಸಹಿ ಇವರದ್ಯಾಕೆ?"

ಲಿಫ್ಟಣ್ಣ ಪಕ್ಕಕ್ಕೆ ಸರಿದರು. ಅತ್ತಿಗೆ ಪಟ್ಟೆಯ ಹೊಸ್ತಿಲನ್ನು ಕೈ ಹಿಡಿದು ದಾಟಿದರು. ತೊಟ್ಟಿಲನ್ನು ಒಮ್ಮೆ ತೂಗಿದರು. ಸೊಂಟದ ಮೇಲೆ ಕೈಯಿಟ್ಟು ಆ ಗೋಡೆ ನೋಡಿದರು, ಈ ಗೋಡೆ ನೋಡಿದರು. ಕಾಲು ಬದಲಿಸಿ ಬದಲಿಸಿ ನಿಂತರು. ಹಿಡಿಕೆಗೆ ಒರಗಲು ಹೋದರು, ಅದು ಮಗುವಿನ ಎತ್ತರಕ್ಕೆ ಮೊಣಕಾಲಿನ ಹತ್ತಿರವಿತ್ತು. ಕೊನೆಗೆ ನಮ್ಮ ಕಡೆ ತಿರುಗಿದರು.

"ನಾನೆಲ್ಲಿ ಕೂರ್ಲಿ?"

ಇದೇ ಮಾತನ್ನು ನಾನು ಒಮ್ಮೆ ಲಿಫ್ಟಿನೊಳಗಿಂದ ಲಿಫ್ಟಣ್ಣನನ್ನು ಕೇಳಿದ್ದೆ. ಲಿಫ್ಟಣ್ಣನ ಬಾಯಲ್ಲಿ ಆ ಹಳೆಯ ಉತ್ತರವೇ ಬರುತ್ತಿತ್ತೋ ಏನೋ, "ಲಿಫ್ಟ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಮೂರು ತಿಂಗಳು ಆ ಕೋಣೆಯಲ್ಲಿ ದುಡಿದಿದ್ದರು. ಅಲ್ಲಿ ಯಾರೋ ಕೂರಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವರು ಜೀವನಪೂರ್ತಿ ಸಿದ್ಧಮಾಡಿದ ಕೋಣೆಗಳಲ್ಲಿ ಜನ ನಿಂತೇ ಇರುತ್ತಿದ್ದರು.

ಅತ್ತಿಗೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು, ಮೂವತ್ತಮೂರು ಎಂದು ಬರೆದು, ಎದುರಿಗೆ 'ಕುರ್ಚಿ ಇಲ್ಲ' ಎಂದು ಬರೆದರು. ಸಹಿ ಹಾಕಲಿಲ್ಲ.

ಲಿಫ್ಟಣ್ಣ ಹೊರಗೆ ಹೋದರು. ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ತಿರುಗಿ ಬಂದಾಗ ನನ್ನ ಕೋಣೆಯ ಬೆತ್ತದ ಕುರ್ಚಿ ಅವರ ತಲೆಯ ಮೇಲಿತ್ತು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕುರ್ಚಿ ಬಾಗಿಲಲ್ಲಿ ತೂರಿತು, ಆದರೆ ಒಳಗೆ ಎಲ್ಲಿಟ್ಟರೂ ಸ್ಪ್ರಿಂಗು ಇಲ್ಲವೇ ಹಿಡಿಕೆ ತಾಗುತ್ತಿತ್ತು. ಲಿಫ್ಟಣ್ಣ ಕುರ್ಚಿಯನ್ನು ಹೊಸ್ತಿಲಾಚೆ ಇಳಿಸಿದರು. ಆಮೇಲೆ ಸ್ಪ್ಯಾನರ್ ತಂದರು. ಮೊದಲು ಸ್ಪ್ರಿಂಗುಗಳು ಹೋದವು, ಆಮೇಲೆ ಕಿಟಕಿಯ ಕೆಳಗಿನ ಹಿಡಿಕೆ. ಬಿಚ್ಚುವುದನ್ನು ಅವರು ಎಷ್ಟೋ ಸಲ ಮಾಡಿದ್ದರು. ಮತ್ತೆ ಹಾಕುವುದಕ್ಕಲ್ಲದೆ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕುರ್ಚಿ ಕಿಟಕಿಯ ಹತ್ತಿರ, ತೊಟ್ಟಿಲು ಕೈಗೆಟುಕುವಂತೆ ಕೂತಿತು. ಅವರು ಅದರ ಕಾಲುಗಳನ್ನು ಅಲ್ಲಾಡಿಸಿದರು, ಮುರಿದ ಕೈಯ ಬಟ್ಟೆ ಬಿಗಿಮಾಡಿದರು, ಬಗ್ಗಿ ತಳ ನೋಡಿದರು. "ಇದರ ಮೇಲೆ ಮರಳಿನ ಚೀಲ ಇಟ್ಟು..."

"ಚೀಲ ಬೇಡ. ನೀವೇ ಕೂತು ನೋಡಿ," ಎಂದರು ಅತ್ತಿಗೆ.

"ನಾನಾ?"

"ನೀವೇ. ನಿಮಗಿಂತ ಭಾರ ಇನ್ಯಾವುದಿದೆ ಈ ಮನೇಲಿ?"

ಲಿಫ್ಟಣ್ಣ ಅಂಚಿನಲ್ಲಿ ಕೂತರು. ಎದ್ದರು. ಅತ್ತಿಗೆ ಭುಜ ಹಿಡಿದು ಮತ್ತೆ ಕೂರಿಸಿದರು. ಅವರ ಬಲಗಾಲು ಹೊಲಿಗೆ ಯಂತ್ರ ತುಳಿದಂತೆ ಕುಣಿಯುತ್ತಿತ್ತು. ಕಣ್ಣು ಕೊಕ್ಕೆಗೆ ಹೋಯಿತು, ಚಿಲಕಕ್ಕೆ ಹೋಯಿತು, ಹಕ್ಕಿಗಳಿಗೆ ಹೋಯಿತು. ಹಕ್ಕಿಗಳು ಗಾಳಿಗೆ ತಿರುಗುತ್ತಿದ್ದವು. ಅವರು ಅವನ್ನು ಕೆಳಗಿನಿಂದ, ಕೂತು ನೋಡಿದ್ದು ಅದೇ ಮೊದಲಿರಬೇಕು. ಬಹಳ ಹೊತ್ತು ನೋಡಿದರು. ಕಾಲು ಕುಣಿಯುತ್ತಲೇ ಇತ್ತು.

"ಈಗ ಹೇಳಿ," ಎಂದರು ಅತ್ತಿಗೆ.

ಲಿಫ್ಟಣ್ಣ ಒಂದು ಸಲ ಎಲ್ಲವನ್ನೂ ಸುತ್ತ ನೋಡಿ, "ಮುಗೀತು," ಎಂದರು. ಅತ್ತಿಗೆ ಹಾಳೆಯನ್ನು ಅವರ ಬೆನ್ನಿಗೇ ಒತ್ತಿಟ್ಟುಕೊಂಡು ಸಹಿ ಹಾಕಿದರು.

ಅಕ್ಕ ಭಾನುವಾರದ ರೈಲಿಗೆ ಒಬ್ಬರೇ ಹೋದರು. ಹೆರಿಗೆ ಹೊತ್ತಿಗೆ ಬರುತ್ತೇನೆಂದರು. ನಿಲ್ದಾಣದಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಗು ಹುಟ್ಟಿದ್ಮೇಲೆ ಅದರ ಮೇಲೂ ಚೀಲ ಹೇರಿ ನೋಡ್ಬೇಡಪ್ಪಾ!" ಎಂದು ಕೂಗಿದರು. ಲಿಫ್ಟಣ್ಣ ಕೈ ಬೀಸುತ್ತಾ, ರೈಲು ಕಣ್ಮರೆಯಾಗುವವರೆಗೂ ಗಾಲಿಗಳ ಸದ್ದು ಆಲಿಸುತ್ತಿದ್ದರು.

ಮೂರು ವಾರದ ಮೇಲೆ ಮಗಳು ಹುಟ್ಟಿದಳು. ನಾಲ್ಕನೆಯ ದಿನ ಆ ಕೋಣೆಗೆ ಬಂದಳು. ಕೊಕ್ಕೆಗಳು ಗಟ್ಟಿಯಾಗಿಯೇ ಇವೆ, ಆದರೆ ತೊಟ್ಟಿಲಲ್ಲಿ ಹಾಕಿದರೆ ಅವಳು ಅಳುತ್ತಾಳೆ. ತಂದೆಯ ಆ ಕುಣಿಯುವ ಕಾಲಿನ ಮೇಲೆ ಮಲಗಿಸಿದರೆ ಮಾತ್ರ ನಿದ್ದೆ. ನಾನು ಬೇರೆ ಕುರ್ಚಿ ಕೊಂಡೆ, ಪರೀಕ್ಷೆ ಪಾಸಾದೆ, ಈಗಲೂ ಅದೇ ಮಾಳಿಗೆಯಲ್ಲಿದ್ದೇನೆ.

ಲಿಫ್ಟಣ್ಣ ನಮ್ಮ ಕಟ್ಟಡದ ಎರಡು ಲಿಫ್ಟುಗಳನ್ನೂ ಪಕ್ಕದ ಬೀದಿಯ ಮೂರು ಲಿಫ್ಟುಗಳನ್ನೂ ನೋಡಿಕೊಳ್ಳುತ್ತಾರೆ. ಸಂಜೆ ಆರೂವರೆಗೆ ಮನೆಗೆ ಬಂದು ಕೈ ತೊಳೆದು, ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಊಟಕ್ಕೆ ಕರೆಯುವವರೆಗೆ ಬೆತ್ತದ ಕುರ್ಚಿಯಲ್ಲಿ ಕೂತಿರುತ್ತಾರೆ.